ಪಾಲಕ್ ಸೊಪ್ಪಿನ ಕಬ್ಬಿಣ ಮತ್ತು ತಪ್ಪಿದ ಚುಕ್ಕಿ: ಬರೆಯುವ ಮುನ್ನ ನಾವು ಏನು ಹುಡುಕುತ್ತೇವೆ?

ಪಾಲಕ್ ಸೊಪ್ಪಿನ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದು ಹಳೆಯದು: "ಮೈಯಲ್ಲಿ ರಕ್ತ ಕಡಿಮೆ ಇದೆಯೇ? ದಿನಾ ಪಾಲಕ್ ತಿನ್ನಿ, ಮಾತ್ರೆ ಬೇಡವೇ ಬೇಡ." ಇನ್ನೊಂದು ಸ್ವಲ್ಪ ಓದಿಕೊಂಡವರು ಕಳಿಸುವಂಥದ್ದು: "ಪಾಲಕ್‌ನಲ್ಲಿ ಕಬ್ಬಿಣ ಇದೆ ಅನ್ನುವುದೇ ಸುಳ್ಳು. 19ನೇ ಶತಮಾನದಲ್ಲಿ ಜರ್ಮನ್ ವಿಜ್ಞಾನಿಯೊಬ್ಬ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟುಬಿಟ್ಟ. 3 ಹೋಗಿ 30 ಆಯಿತು. ಅದನ್ನು ನಂಬಿಯೇ ಪೊಪಾಯ್ ಕಾರ್ಟೂನ್ ಬಂತು, ಜಗತ್ತೆಲ್ಲ ಪಾಲಕ್ ತಿಂದಿತು."

ಎರಡನೆಯದನ್ನು ಓದಿದರೆ ಖುಷಿಯಾಗುತ್ತದೆ, ನಿಜ. ಒಂದು ಚುಕ್ಕಿ, ಒಬ್ಬ ಮರೆಗುಳಿ ವಿಜ್ಞಾನಿ, ಮೋಸಹೋದ ಇಡೀ ಜಗತ್ತು. ಸುಳ್ಳನ್ನು ಬಯಲು ಮಾಡುವ ಬರಹಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಅನುಮಾನ ಶುರುವಾಗಬೇಕಾದದ್ದು ಅಲ್ಲೇ. ಒಂದು ವಿಷಯದ ಬಗ್ಗೆ ಬರೆಯುವ ಮುನ್ನ ನೀವು ಏನು ಮಾಡುತ್ತೀರಿ ಎಂದು ಓದುಗರು ನಮ್ಮನ್ನು ಆಗಾಗ ಕೇಳುತ್ತಾರೆ. ಈ ಚುಕ್ಕಿಯ ಕಥೆಯನ್ನೇ ಇಟ್ಟುಕೊಂಡು ತೋರಿಸುತ್ತೇವೆ.

ಮೊದಲು ಹೇಳಿದ್ದು ಯಾರು?

ನಾವು ಮೊದಲು ಕೇಳುವುದು "ಇದು ನಿಜವೇ?" ಎಂದಲ್ಲ, "ಇದನ್ನು ಮೊದಲು ಹೇಳಿದ್ದು ಯಾರು?" ಎಂದು. ಚುಕ್ಕಿಯ ಕಥೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ಪುಟಗಟ್ಟಲೆ ಸಿಗುತ್ತದೆ. ಆದರೆ ಆ ಪುಟಗಳು ಒಂದನ್ನೊಂದು ನೋಡಿ ಬರೆದವು. ಐವತ್ತು ಕಡೆ ಸಿಕ್ಕಿತು ಎಂದ ಮಾತ್ರಕ್ಕೆ ಐವತ್ತು ಸಾಕ್ಷಿ ಸಿಕ್ಕಂತಲ್ಲ. ಐವತ್ತೂ ಒಬ್ಬನ ಮಾತನ್ನೇ ನಕಲು ಮಾಡಿದ್ದರೆ ಸಾಕ್ಷಿ ಇರುವುದು ಒಂದೇ.

ಹಿಂದಕ್ಕೆ ಹೋಗುತ್ತಾ ಹೋದರೆ ಬಹಳಷ್ಟು ದಾರಿಗಳು ಒಂದು ಕಡೆ ಸೇರುತ್ತವೆ: 1981ರ ಡಿಸೆಂಬರ್, ಬ್ರಿಟಿಷ್ ಮೆಡಿಕಲ್ ಜರ್ನಲ್. ಬರೆದವರು ಟೆರೆನ್ಸ್ ಹ್ಯಾಂಬ್ಲಿನ್ ಎಂಬ ರಕ್ತರೋಗ ತಜ್ಞರು. ಲೇಖನದ ವಿಷಯ ವಿಜ್ಞಾನದಲ್ಲಿ ನಡೆಯುವ ಮೋಸ ಮತ್ತು ಸುಳ್ಳು. ಪಾಲಕ್‌ನ ಕಬ್ಬಿಣವನ್ನು ಹತ್ತು ಪಟ್ಟು ಹೆಚ್ಚು ತೋರಿಸಲು ಚುಕ್ಕಿ ತಪ್ಪಿದ್ದೇ ಕಾರಣ, 1930ರ ದಶಕದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರು ಅದನ್ನು ಪತ್ತೆಮಾಡಿದರು ಎಂದು ಅವರು ಬರೆದರು. ಆ ಪತ್ರಿಕೆಯ ವರ್ಷಾಂತ್ಯದ ಸಂಚಿಕೆ ಸ್ವಲ್ಪ ಹಗುರ ಧಾಟಿಗೆ ಹೆಸರಾದದ್ದು ಎನ್ನುವುದು ನೆನಪಿರಲಿ.

ಎರಡನೆಯ ಪ್ರಶ್ನೆ: ಅವರಿಗೆ ಹೇಗೆ ಗೊತ್ತಾಯಿತು? ಆ ವಾಕ್ಯಕ್ಕೆ ಹ್ಯಾಂಬ್ಲಿನ್ ಯಾವ ಆಧಾರವನ್ನೂ ಕೊಟ್ಟಿರಲಿಲ್ಲ. ಯಾವ ರಸಾಯನಶಾಸ್ತ್ರಜ್ಞರು, ಯಾವ ಪತ್ರಿಕೆ, ಯಾವ ವರ್ಷ, ಒಂದೂ ಇಲ್ಲ. ಸುಮಾರು ಮೂವತ್ತು ವರ್ಷ ಯಾರೂ ಇದನ್ನು ಕೇಳಲೇ ಇಲ್ಲ. ಕೇಳಿದವರು ಇಂಗ್ಲೆಂಡಿನ ಅಪರಾಧಶಾಸ್ತ್ರಜ್ಞ ಮೈಕ್ ಸಟನ್. 2010ರಲ್ಲಿ ಪ್ರಕಟಿಸಿದ ಲೇಖನಕ್ಕಾಗಿ ಅವರು ಹಳೆಯ ದಾಖಲೆಗಳನ್ನು ಜಾಲಾಡಿದರು, ಹ್ಯಾಂಬ್ಲಿನ್ ಅವರನ್ನೇ ಸಂಪರ್ಕಿಸಿದರು. ಎಲ್ಲಿ ಓದಿದ್ದು ಎಂಬುದು ಹ್ಯಾಂಬ್ಲಿನ್‌ಗೆ ನೆನಪಿರಲಿಲ್ಲ. ಆರ್ನಾಲ್ಡ್ ಬೆಂಡರ್ ಎಂಬ ಪೌಷ್ಟಿಕಾಂಶ ಪ್ರಾಧ್ಯಾಪಕರು 1970ರ ದಶಕದಲ್ಲೇ ಹೀಗೊಂದು ಮಾತು ಹೇಳಿದ್ದು ಸಟನ್‌ಗೆ ಸಿಕ್ಕಿತು. ಆದರೆ ಅಲ್ಲಿಂದ ಹಿಂದಕ್ಕೆ, ತಪ್ಪಿದ ಚುಕ್ಕಿಗೆ ಪುರಾವೆ ಮಾತ್ರ ಎಲ್ಲೂ ಸಿಗಲಿಲ್ಲ.

ನಾಲ್ಕು ವರ್ಷದ ನಂತರ, 2014ರಲ್ಲಿ, ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್ ಈ ಕಥೆ ವಿದ್ವಾಂಸರ ಲೇಖನಗಳಲ್ಲಿ ಹೇಗೆ ಕೈಯಿಂದ ಕೈಗೆ ದಾಟಿತು ಎಂದು ಬರೆದರು. ಮೂಲವನ್ನು ತೆರೆದೂ ನೋಡದೆ, ಇನ್ನೊಬ್ಬರ ಲೇಖನದಲ್ಲಿ ಕಂಡ ಆಧಾರವನ್ನೇ ಎತ್ತಿ ಬರೆಯುವುದು ಅವರ ದೂರು. ತಮಾಷೆ ಏನು ಗೊತ್ತೇ? "ವಿಜ್ಞಾನದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ನೋಡಿ" ಎಂದು ಬುದ್ಧಿ ಹೇಳುವುದಕ್ಕೇ ಈ ಪರಿಶೀಲಿಸದ ಕಥೆಯನ್ನು ಬಳಸುತ್ತಿದ್ದರು. ಓದಿಕೊಂಡವರ ಫಾರ್ವರ್ಡ್ ಎಂದರೆ ಇದೇ.

ಪೊಪಾಯ್‌ನ ಭಾಗವೂ ನಿಲ್ಲುವುದಿಲ್ಲ. ಎಲ್ಜಿ ಸೀಗರ್ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರ 1929ರಲ್ಲಿ ಸೃಷ್ಟಿಸಿದ ಪಾತ್ರ ಅದು. 1932ರ ಒಂದು ಚಿತ್ರಪಟ್ಟಿಯಲ್ಲಿ ಪೊಪಾಯ್ ತಾನು ಪಾಲಕ್ ಯಾಕೆ ತಿನ್ನುತ್ತೇನೆಂದು ತಾನೇ ಹೇಳುತ್ತಾನೆ: ಅದರಲ್ಲಿರುವ ವಿಟಮಿನ್ 'ಎ'ಗಾಗಿ. ಕಬ್ಬಿಣದ ಮಾತೇ ಇಲ್ಲ.

ಸಂಖ್ಯೆ ಕಂಡರೆ 'ಯಾವುದರ 100 ಗ್ರಾಂ?' ಎಂದು ಕೇಳಿ

ಹಾಗಾದರೆ ಹತ್ತು ಪಟ್ಟಿನ ವ್ಯತ್ಯಾಸ ಎಲ್ಲಿಂದ ಬಂತು? ಇದಕ್ಕೆ ಚುಕ್ಕಿ ತಪ್ಪಲೇಬೇಕು ಎಂದೇನಿಲ್ಲ. ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದೇ 100 ಗ್ರಾಂನಲ್ಲಿ 91 ಗ್ರಾಂ ಬರೀ ನೀರು. ನೀರೆಲ್ಲ ಆರಿದರೆ ಉಳಿಯುವುದು 9 ಗ್ರಾಂ, ಆದರೆ ಕಬ್ಬಿಣ ಎಲ್ಲೂ ಹೋಗಿರುವುದಿಲ್ಲ. ಹೀಗೆ ಪೂರ್ತಿ ಒಣಗಿದ ಸೊಪ್ಪನ್ನೇ 100 ಗ್ರಾಂ ತೂಗಿದರೆ ಅದರಲ್ಲಿ ಸುಮಾರು 30 ಮಿಲಿಗ್ರಾಂ ಕಬ್ಬಿಣ. ಸೊಪ್ಪು ಅದೇ, ಕಬ್ಬಿಣ ಅದೇ, ಸಂಖ್ಯೆ ಮಾತ್ರ ಹತ್ತು ಪಟ್ಟು. ಹಳೆಯ ರಸಾಯನಶಾಸ್ತ್ರದ ಪಟ್ಟಿಗಳಲ್ಲಿ ಒಣ ತೂಕದ ಲೆಕ್ಕ ಕೊಡುವುದು ಮಾಮೂಲು. ಒಣ ಸೊಪ್ಪಿನ ಸಂಖ್ಯೆಯನ್ನು ಹಸಿ ಸೊಪ್ಪಿಗೆ ಹಚ್ಚಿದರೆ ಸಾಕು, ಪಾಲಕ್ ಕಬ್ಬಿಣದ ಗಣಿಯಾಗಿಬಿಡುತ್ತದೆ.

ಇದು ಪಾಲಕ್‌ಗೆ ಮಾತ್ರ ಅಲ್ಲ. ನುಗ್ಗೆಸೊಪ್ಪಿನ ಪುಡಿಯಲ್ಲಿ ಅದಕ್ಕಿಂತ ಇಷ್ಟು ಪಟ್ಟು, ಇದಕ್ಕಿಂತ ಅಷ್ಟು ಪಟ್ಟು ಎನ್ನುವ ಸಂದೇಶಗಳನ್ನು ನೋಡಿರುತ್ತೀರಿ. ಬಹಳಷ್ಟು ಸಲ ಅಲ್ಲಿ ಹೋಲಿಸುವುದು ಒಣಗಿಸಿದ ಪುಡಿಯನ್ನು ಹಸಿ ಹಣ್ಣು ಅಥವಾ ಹಾಲಿನ ಜೊತೆ. ಪುಡಿಯನ್ನು ನಾವು 100 ಗ್ರಾಂ ತಿನ್ನುವುದಿಲ್ಲ, ಒಂದು ಚಮಚ ಹಾಕಿಕೊಳ್ಳುತ್ತೇವೆ. ನುಗ್ಗೆಸೊಪ್ಪು ಒಳ್ಳೆಯದೇ, ತಕರಾರು ಇರುವುದು ಹೋಲಿಕೆಯ ಬಗ್ಗೆ.

ಸರಿಯಾದ ಉತ್ತರದಲ್ಲೂ ತಪ್ಪು ಕಾರಣ

ಇಷ್ಟು ಹುಡುಕಿದ ಮೇಲೆ "ಪಾಲಕ್‌ನಲ್ಲಿ ಕಬ್ಬಿಣ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್‌ನಿಂದಾಗಿ ಮೈಗೆ ಹತ್ತುವುದಿಲ್ಲ" ಎಂದು ಬರೆದು ಮುಗಿಸಬಹುದಿತ್ತು. ಎಲ್ಲ ಕಡೆ ಹಾಗೇ ಇದೆ. ಆದರೆ ಅದನ್ನು ಪರೀಕ್ಷಿಸಿದವರಿದ್ದಾರೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಕ್ಸಲೇಟ್ ಕಡಿಮೆ ಇರುವ ಕೇಲ್ ಎಂಬ ಸೊಪ್ಪಿನ ಊಟಕ್ಕೆ ಬೇಕೆಂದೇ ಆಕ್ಸಲೇಟ್ ಬೆರೆಸಿ ಮಹಿಳೆಯರಿಗೆ ಕೊಟ್ಟರು. ಕಬ್ಬಿಣ ಹೀರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಪಾಲಕ್‌ನ ಕಬ್ಬಿಣ ಕಡಿಮೆ ಹೀರಲ್ಪಡುವುದಕ್ಕೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪಾಲಿಫೀನಾಲ್ ಕಾರಣವಿರಬಹುದು ಎಂದು ಅವರ ಊಹೆ. ಚಿಕ್ಕ ಪ್ರಯೋಗ, ಕೊನೆಯ ಮಾತಲ್ಲ. ಆದರೂ "ಆಕ್ಸಲೇಟೇ ಕಾರಣ" ಎಂದು ಅಡಿಗೆರೆ ಎಳೆದು ಬರೆಯಲು ಇನ್ನು ನಮಗೆ ಕೈ ಬರುವುದಿಲ್ಲ.

ಇನ್ನು ಅಸಲು ವಿಷಯ. ಇದು ಬರೀ ಕಾರ್ಟೂನ್ ಇತಿಹಾಸವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಲ್ಲಿ ಅದು ಶೇ. 52. ಮನೆ ಗ್ರೂಪ್‌ನಲ್ಲಿ ಪಾಲಕ್ ಸಂದೇಶ ಬಂದಾಗ ಓದುವವರಲ್ಲಿ ಇವರೂ ಇರುತ್ತಾರೆ.

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕು. ಅಷ್ಟೇ ಕಬ್ಬಿಣ ಪಾಲಕ್‌ನಿಂದ ಬರಬೇಕಾದರೆ ದಿನಕ್ಕೆ ಎರಡು ಕಿಲೋಗಿಂತ ಹೆಚ್ಚು ಸೊಪ್ಪು ಬೇಕು. "ಮಾತ್ರೆ ಬೇಡ, ಪಾಲಕ್ ಸಾಕು" ಎನ್ನುವ ಮೊದಲ ಸಂದೇಶ ಅಪಾಯಕಾರಿ ಎನ್ನುವುದು ಇದಕ್ಕೇ. ಹಾಗೆಂದು ಎರಡನೆಯ ಸಂದೇಶ ನಂಬಿ ಸೊಪ್ಪು ಬಿಡುವುದೂ ಬೇಡ. ಐಸಿಎಂಆರ್ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ಸೊಪ್ಪು ಅದರ ಹತ್ತನೇ ಒಂದು ಭಾಗದಷ್ಟು ಕೊಡುತ್ತದೆ, ಉಳಿದದ್ದು ಕಾಳು, ಧಾನ್ಯ, ಮಾಂಸ, ಮೊಟ್ಟೆಯಿಂದ ಸೇರಬೇಕು.

ನೀವೂ ಮೊಬೈಲಿನಲ್ಲೇ ಹುಡುಕಬಹುದು

ಇದಕ್ಕೆಲ್ಲ ದೊಡ್ಡ ಗ್ರಂಥಾಲಯ ಬೇಕಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಹಳೆಯ ಸಂಚಿಕೆಗಳು ಪಬ್‌ಮೆಡ್ ಸೆಂಟ್ರಲ್ ಎಂಬ ತಾಣದಲ್ಲಿ ಉಚಿತವಾಗಿವೆ. ಸಂದೇಶದಲ್ಲಿನ ಒಂದು ವಿಚಿತ್ರ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಅದು ಎಷ್ಟು ಕಡೆ ಅಕ್ಷರಶಃ ನಕಲಾಗಿದೆ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್‌ನಲ್ಲಿ ಒಮ್ಮೆ ಹುಡುಕಿ, ಯಾಕೆಂದರೆ ಇಂಥ ಸಂದೇಶಗಳಲ್ಲಿ ಬಹಳಷ್ಟು ಅನುವಾದವಾಗಿ ಬಂದವು. "ವಿಜ್ಞಾನಿಗಳು ಹೇಳಿದ್ದಾರೆ" ಎಂದಿದ್ದರೆ ಹೆಸರು, ವರ್ಷ, ಪತ್ರಿಕೆ ಮೂರರಲ್ಲಿ ಒಂದಾದರೂ ಇದೆಯೇ ನೋಡಿ. ವಾಟ್ಸ್ಆ್ಯಪ್‌ನಲ್ಲಿ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂದರ್ಥ. ನಿಜವೋ ಸುಳ್ಳೋ ಎಂಬುದನ್ನು ಆ ಬಾಣ ಹೇಳುವುದಿಲ್ಲ.

ಅಂದಹಾಗೆ, ಪಾಲಕ್ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದಕ್ಕೆ ಒಳ್ಳೆಯ ಆಧಾರವಿದೆ. ವಿಟಮಿನ್ 'ಸಿ' ಇದ್ದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಕುಡಿಯುವ ಕಾಫಿ, ಚಹಾ ಅದಕ್ಕೆ ಅಡ್ಡಿ ಮಾಡುತ್ತವೆ. ಮಾತ್ರೆಗೂ ಇದೇ ಮಾತು: ನೀರಿನ ಜೊತೆ ನುಂಗಿ, ಕಾಫಿ ಒಂದೆರಡು ಗಂಟೆ ಆದ ಮೇಲೆ ಕುಡಿಯಿರಿ. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ, ಅದು ಸಾಮಾನ್ಯ. ವಾಕರಿಕೆ ಅಥವಾ ಮಲಬದ್ಧತೆ ಎಂದು ಮಾತ್ರೆ ನಿಲ್ಲಿಸುವ ಮುನ್ನ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಮಾತ್ರೆ ತೆಗೆದುಕೊಳ್ಳುವ ಹೊತ್ತು ಬದಲಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.