ಚಳಿಗಾಲದಲ್ಲಿ ಕಾಡಿನ ಗೇಟು ಮುಚ್ಚುವುದೇಕೆ?

ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ದಿನಗಳಲ್ಲಿ ಕಾಡು ನೋಡಲು ಹೊರಡುವವರು ಹೆಚ್ಚು. ಶಾಲಾ ಪ್ರವಾಸ, ಕ್ರಿಸ್‌ಮಸ್ ರಜೆ, ಹಿತವಾದ ಹವೆ ಎಲ್ಲವೂ ಆಗಲೇ ಕೂಡಿಬರುತ್ತವೆ. ಅದೇ ಕಾಲದಲ್ಲಿ ‘ಮಧ್ಯಾಹ್ನದ ಮೇಲೆ ಬನ್ನಿ’, ‘ಸಫಾರಿ ಇಲ್ಲ’ ಎಂಬ ಉತ್ತರ ಕೇಳಿ ಜನ ಬೇಸರಪಡುವುದೂ ಉಂಟು. ನಮ್ಮ ಸದಸ್ಯರಲ್ಲಿ ನೆಂಟರನ್ನು ಕರೆದೊಯ್ದು ಗೇಟಿನಿಂದಲೇ ಹಿಂದಿರುಗಿದವರಿದ್ದಾರೆ. ಹೋಂಸ್ಟೇ ನಡೆಸಿ ನಷ್ಟ ಅನುಭವಿಸಿದವರೂ ಇದ್ದಾರೆ. ಇಂಥ ನಿರ್ಬಂಧಗಳ ಕಾರಣವನ್ನು ಎರಡು ಉದಾಹರಣೆಗಳಿಂದ ತಿಳಿಯೋಣ. ಒಂದು ನಿತ್ಯದ ನಿರ್ಬಂಧ, ಇನ್ನೊಂದು ಹಠಾತ್ತಾಗಿ ಬಂದದ್ದು.

ಬುಕ್ಕಸಾಗರದ ಕರಡಿ ಗುಡ್ಡಗಳು

ಹಂಪಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ದರೋಜಿ ಕರಡಿಧಾಮವಿದೆ. 1994ರಲ್ಲಿ ಬಿಳಿಕಲ್ಲು ಅರಣ್ಯವನ್ನು ಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಪಕ್ಕದ ಬುಕ್ಕಸಾಗರ ಅರಣ್ಯವೂ ಸೇರಿ, ಧಾಮದ ವಿಸ್ತೀರ್ಣ ಸುಮಾರು 82 ಚದರ ಕಿ.ಮೀ. ಆಯಿತು. ಇಲ್ಲಿ ಪ್ರವೇಶ ಮಧ್ಯಾಹ್ನದ ನಂತರ, ಸಂಜೆ ಆರರವರೆಗೆ ಮಾತ್ರ. ವೀಕ್ಷಣಾ ಗೋಪುರದಿಂದ ದೂರದ ಬಂಡೆಯ ಮೇಲಿನ ಕರಡಿಗಳನ್ನು ನೋಡಬಹುದೇ ಹೊರತು ಗುಡ್ಡಗಳ ನಡುವೆ ತಿರುಗಾಡುವಂತಿಲ್ಲ. ಬೆಳಿಗ್ಗೆಯೇ ಹಂಪಿಯಿಂದ ಬಂದವರಿಗೆ ಇದು ಕಿರಿಕಿರಿ ಎನಿಸುವುದು ಸಹಜ.

ಆದರೆ ಕರಡಿಯ ದಿನಚರಿ ನೋಡಿದರೆ ಕಾರಣ ತಿಳಿಯುತ್ತದೆ. ಹಗಲೆಲ್ಲ ಬಂಡೆಗಳ ಗವಿಯಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಗೆದ್ದಲು, ಜೇನು, ಕಾಡುಹಣ್ಣು ಹುಡುಕಿಕೊಂಡು ಹೊರಡುವ ಪ್ರಾಣಿ ಅದು. ಬೆಳಿಗ್ಗೆ ಗೇಟು ತೆರೆದರೂ ಕಾಣುವುದು ಬರಿಯ ಬಂಡೆಯೇ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹೆಣ್ಣು ಕರಡಿ ಮರಿ ಹಾಕುವುದು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯ ಒಳಗೆ. ಎರಡು ಮೂರು ತಿಂಗಳು ಮರಿಗಳು ಗವಿಯಲ್ಲೇ ಇರುತ್ತವೆ. ಆಮೇಲೆ ತಾಯಿಯ ಬೆನ್ನೇರಿ ಹೊರಬರುತ್ತವೆ. ಅಂದರೆ ನಮ್ಮ ರಜೆಯ ತಿಂಗಳುಗಳೇ ಅವುಗಳ ಬಾಣಂತನದ ತಿಂಗಳುಗಳು. ಕರಡಿಗೆ ದೃಷ್ಟಿ ಮಂದ. ಹತ್ತಿರದಲ್ಲಿ ಏಕಾಏಕಿ ಎದುರಾದವರ ಮೇಲೆ ಅದು ಎರಗುತ್ತದೆ. ಮರಿಯಿದ್ದ ತಾಯಿಯಂತೂ ಹೇಳಬೇಕಾಗಿಲ್ಲ. ಗುಡ್ಡದಲ್ಲಿ ಜನ ಕೆದಕಿದ ಕರಡಿ ಇಳಿದು ಬರುವುದು ತಪ್ಪಲಿನ ಹೊಲ ತೋಟಗಳಿಗೆ. ಪ್ರವಾಸಿ ಅಷ್ಟರಲ್ಲಿ ಊರು ಸೇರಿರುತ್ತಾನೆ. ನಸುಕಿನಲ್ಲಿ ನೀರು ಕಟ್ಟಲು ಹೊರಟ ರೈತ ಅದಕ್ಕೆ ಎದುರಾಗುತ್ತಾನೆ.

ನಾಗರಹೊಳೆ, ಬಂಡೀಪುರ: 2025ರ ನಿಲುಗಡೆ

ದರೋಜಿಯ ವೇಳೆ ಎಲ್ಲರಿಗೂ ಮೊದಲೇ ಗೊತ್ತಿರುವಂಥದು. ಹಠಾತ್ತಾಗಿ ಬಂದ ನಿರ್ಬಂಧದ ಕಥೆ ಬೇರೆ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಒಬ್ಬರ ಹಿಂದೆ ಒಬ್ಬರಂತೆ ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆಯವರು ನಾಗರಹೊಳೆ ಮತ್ತು ಬಂಡೀಪುರ ರಾಷ್ಟ್ರೀಯ ಉದ್ಯಾನಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿ ಮತ್ತು ಚಾಲಕರನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಬಳಸುವಂತೆ ಆದೇಶಿಸಿದರು. ಮುಂಗಡ ಕೊಟ್ಟಿದ್ದ ಪ್ರವಾಸಿಗರು, ಜೀಪು ಚಾಲಕರು, ಹೋಟೆಲುಗಳ ದಿನಗೂಲಿಯವರು ಅಸಮಾಧಾನಗೊಂಡರು. ವರ್ಷದ ಸಂಪಾದನೆಯ ಕಾಲ ಕೈತಪ್ಪಿದವರ ದೂರನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಸಫಾರಿ ನಿಂತರೆ ಹುಲಿ ಊರಿಗೆ ಬರುವುದು ನಿಲ್ಲುತ್ತದೆಂದು ಕೆಲವರ ಎಣಿಕೆ. ಹುಲಿ ಯೋಜನೆಯ 2012ರ ಮಾರ್ಗಸೂಚಿಯಂತೆ ಹುಲಿಯ ಮುಖ್ಯ ನೆಲೆಯ ಶೇ. 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸೋದ್ಯಮ ಕೂಡದು. ಉಳಿದ ಕಾಡಿಗೆ ಜೀಪು ಹೋಗುವುದೇ ಇಲ್ಲ. 2006ರ ಗಣತಿಯಲ್ಲಿ 290 ಇದ್ದ ರಾಜ್ಯದ ಹುಲಿಗಳ ಸಂಖ್ಯೆ 2022ರಲ್ಲಿ 563 ಆಯಿತು. ನೆಲೆಗಾಗಿ ನಡೆಯುವ ಹೋರಾಟದಲ್ಲಿ ಸೋತ ಮುದಿ ಹುಲಿ, ಗಾಯಗೊಂಡ ಹುಲಿ, ಹೊಸ ನೆಲೆ ಹುಡುಕುವ ಪ್ರಾಯದ ಹುಲಿ ಅಂಚಿಗೆ ಬರುತ್ತವೆ. ಸಫಾರಿ ನಿಲ್ಲಿಸಿದ್ದರಿಂದ ಆದ ನಿಜವಾದ ಪ್ರಯೋಜನ ಎಂದರೆ ಕಾಡಿನ ದಾರಿ ಬಲ್ಲ ಆಳುಗಳೂ ವಾಹನಗಳೂ ಅಂಚಿನ ಊರುಗಳಿಗೆ ದೊರೆತದ್ದು. ಆದರೆ ಅದು ಸಾವುಗಳಾದ ಮೇಲೆ ದೊರೆತದ್ದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನಮ್ಮ ತೋಟಗಳಿಗೆ ಇದರ ಸಂಬಂಧ

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ. ರೋಬಸ್ಟಾ ಅದರ ಬೆನ್ನಿಗೇ ಬರುತ್ತದೆ. ಅಡಿಕೆ ಕೊಯ್ಲೂ ಸುಲಿತವೂ ಇದೇ ಕಾಲದಲ್ಲಿ. ಗಿಡಗಳ ನಡುವೆ ಬಗ್ಗಿ ಹಣ್ಣು ಬಿಡಿಸುವ ಹೆಂಗಸಿಗೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಪ್ರವಾಸಿಗಳು ಕಾಡಿಗೆ ಹೋಗಬಯಸುವ ತಿಂಗಳುಗಳಲ್ಲೇ ನಮ್ಮ ಆಳುಗಳು ಕಾಡಿನ ಅಂಚಿನಲ್ಲಿ ಅತಿ ಹೆಚ್ಚು ಹೊತ್ತು ಇರುತ್ತಾರೆ. ಇಲಾಖೆಯ ಒಬ್ಬನೇ ಕಾವಲುಗಾರ ಇಬ್ಬರಿಗೂ ಬೇಕು. ಒಂದೇ ಮನೆಯಲ್ಲಿ ತೋಟವೂ ಹೋಂಸ್ಟೇಯೂ ಇರುವವರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು.

ಆದ್ದರಿಂದ ‘ಗೇಟು ತೆರೆಯಿರಿ’ ಎಂದೋ ‘ಮುಚ್ಚಿರಿ’ ಎಂದೋ ಕೂಗುವುದಕ್ಕಿಂತ ನಾವು ಕೇಳಬೇಕಾದದ್ದು ಇವು:

1. ಕೊಯ್ಲಿನ ತಿಂಗಳುಗಳಿಗೆ ಅಂಚಿನ ಕಾವಲು ಪಡೆಯನ್ನು ಮಳೆಗಾಲ ಮುಗಿಯುವುದರೊಳಗೆ ಸಿದ್ಧಪಡಿಸಬೇಕು. ಸಫಾರಿಯವರನ್ನು ಎಳೆದು ತರುವ ಪರಿಸ್ಥಿತಿ ಬರಬಾರದು.

2. ನಿರ್ಬಂಧ ಅನಿವಾರ್ಯವಾದರೆ ಯಾವ ವಲಯಕ್ಕೆ, ಎಷ್ಟು ದಿನ, ಏಕೆ ಎಂಬುದನ್ನು ತಿಳಿಸಬೇಕು. ಮುಂಗಡ ಹಣವನ್ನು ತಡವಿಲ್ಲದೆ ಹಿಂದಿರುಗಿಸಬೇಕು.

3. ವನ್ಯಜೀವಿ ಕಾಯ್ದೆಯ 2006ರ ತಿದ್ದುಪಡಿಯಂತೆ ಹುಲಿ ಮೀಸಲು ಪ್ರದೇಶಗಳಿಗೆ ಸಂರಕ್ಷಣಾ ಪ್ರತಿಷ್ಠಾನಗಳಿವೆ. ಪ್ರವಾಸದ ಆದಾಯದಲ್ಲಿ ಒಂದು ಪಾಲು ಅಂಚಿನ ಊರುಗಳ ಕಾವಲಿಗೆ ಮೀಸಲಾಗಬೇಕು.

ನಮ್ಮ ಕೈಯಲ್ಲೂ ಕೆಲವು ಕೆಲಸಗಳಿವೆ. ಮಂಜು ಕರಗಿ ಬೆಳಕು ಹರಿಯದೆ ಕೊಯ್ಲು ಆರಂಭಿಸಬಾರದು. ಆಳುಗಳನ್ನು ಗುಂಪಾಗಿಯೇ ಕಳುಹಿಸಬೇಕು. ಕಾಡಂಚಿನ ಪಟ್ಟೆಗೆ ಮೊದಲು ಇಬ್ಬರು ಹೋಗಿ ಹೆಜ್ಜೆ, ಲದ್ದಿ ನೋಡಿ ಬರಬೇಕು. ಲೈನ್ ಮನೆಗಳಿಗೆ ದೀಪ, ಶೌಚಾಲಯ ಇರಲೇಬೇಕು. ಹೋಂಸ್ಟೇಯವರು ಸಫಾರಿಯ ಭರವಸೆ ಕೊಟ್ಟು ಮುಂಗಡ ಪಡೆಯುವುದನ್ನು ಬಿಟ್ಟು, ಅಂದಿನ ಸ್ಥಿತಿಯನ್ನು ಇಲಾಖೆಯಲ್ಲಿ ವಿಚಾರಿಸಿ ತಿಳಿಸುವುದು ಒಳ್ಳೆಯದು. ತೋಟದ ಬಳಿ ಕಾಡುಪ್ರಾಣಿಯ ಸುಳಿವು ಕಂಡ ಸದಸ್ಯರು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ, ಅದೇ ದಿನ ಸಂಘದ ಕಚೇರಿಯ ವಹಿಯಲ್ಲೂ ಬರೆಸಬೇಕಾಗಿ ವಿನಂತಿ. ನೆರೆಯ ತೋಟದವರನ್ನು ಎಚ್ಚರಿಸಲು ಅದರಿಂದ ಅನುಕೂಲವಾಗುವುದು.