ವಾಲ್ವ್ ಹಾಕಿಸಿದ ಮೇಲೆ

ಎದೆಯಲ್ಲಿ ಲೋಹದ ವಾಲ್ವ್ (ಹೃದಯದ ಕವಾಟ) ಇರುವವರ ಪಕ್ಕ ರಾತ್ರಿ ಮಲಗಿದರೆ ‘ಟಿಕ್ ಟಿಕ್’ ಸದ್ದು ಕೇಳಿಸುವುದುಂಟು. ಮೊದಮೊದಲು ನಿದ್ದೆ ಕೆಡಿಸುವ ಈ ಸದ್ದು ಬರಬರುತ್ತಾ ಮನೆಮಂದಿಗೆಲ್ಲ ರೂಢಿಯಾಗುತ್ತದೆ. ಎಂದಾದರೂ ಅದು ಮಂಕಾಗಿ, ಜತೆಗೆ ಉಸಿರೂ ಕಟ್ಟಿತೆಂದರೆ ಬೆಳಗಾಗಲಿ ಎಂದು ಕಾಯಬಾರದು. ಕವಾಟದ ಬಿಲ್ಲೆಯ ಸುತ್ತ ರಕ್ತ ಹೆಪ್ಪುಗಟ್ಟಿ ಅದು ಅಲುಗದಂತಾಗಿರಬಹುದು.

ನಮ್ಮಲ್ಲಿ ವಾಲ್ವ್ ಹಾಕಿಸಿಕೊಂಡವರಲ್ಲಿ ಬಹಳಷ್ಟು ಮಂದಿ, ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೇ ಬಂದ ರುಮ್ಯಾಟಿಕ್ ಜ್ವರಕ್ಕೆ ಹೃದಯ ಕೊಟ್ಟವರು. ಇನ್ನೂ ದುಡಿಯುವ ವಯಸ್ಸು. ಪ್ರಾಣಿ ಅಂಗಾಂಶದ ಕವಾಟ ಎಳೆಯರಲ್ಲಿ ಬೇಗ ಹಾಳಾಗುವುದರಿಂದ ಅವರಿಗೆ ಲೋಹದ್ದೇ ಗತಿ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ರೂಪಿಸಿದ ಇಂಥ ಅಗ್ಗದ ಕವಾಟ 1990ರಲ್ಲಿ ಮೊದಲ ಸಲ ರೋಗಿಯ ಎದೆ ಸೇರಿತು. ಬಡವರಿಗೂ ವಾಲ್ವ್ ಎಟುಕುವಂತಾಯಿತು. ಇಂಥ ಕವಾಟ ದಶಕಗಟ್ಟಲೆ ಬಾಳುತ್ತದೆ. ಆದರೆ ಹೊರಗಿನ ವಸ್ತು ಸೋಕಿದರೆ ಹೆಪ್ಪುಗಟ್ಟುವುದು ರಕ್ತದ ಗುಣ.

ಅದಕ್ಕೇ ಬದುಕಿರುವಷ್ಟು ಕಾಲ ಹೆಪ್ಪು ತಡೆಯುವ ಆಸಿಟ್ರಾಮ್ ಇಲ್ಲವೇ ವಾರ್ಫರಿನ್ ನುಂಗಬೇಕು. ಡೋಸ್ ಎಲ್ಲರಿಗೂ ಒಂದೇ ಅಲ್ಲ, ಒಬ್ಬರಿಗೇ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ತೋರಿಸುವ ಪರೀಕ್ಷೆ ನೋಡಿ ಕಾಲು ಮಾತ್ರೆ, ಅರ್ಧ ಮಾತ್ರೆ ಎಂದು ಹೊಂದಿಸುತ್ತಾ ಹೋಗಬೇಕು. ಮೈಟ್ರಲ್ ಕವಾಟ ಬದಲಿಸಿದವರಲ್ಲಿ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ನಿಲ್ಲಬೇಕು. ಇಳಿದರೆ ಹೆಪ್ಪುಗಟ್ಟುವ ಭಯ; ಹೆಪ್ಪಿನ ಚೂರು ಮೆದುಳಿಗೆ ಹೋದರೆ ಲಕ್ವ. ಏರಿದರೆ ವಸಡಿನಲ್ಲಿ ರಕ್ತ, ಕಪ್ಪು ಮಲ, ಕೆಲವೊಮ್ಮೆ ಮೆದುಳಿನೊಳಗೇ ರಕ್ತಸ್ರಾವ. ಸೊಂಟನೋವಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತಂದ ನೋವಿನ ಮಾತ್ರೆಯೂ ಅಪಾಯ ತರಬಲ್ಲದು. ಸೊಪ್ಪಿನ ವಿಟಮಿನ್ ಕೆ ಹೆಪ್ಪು ತಡೆಯುವ ಮಾತ್ರೆಯ ಬಲ ಕುಗ್ಗಿಸುತ್ತದೆ, ನಿಜ. ಹಾಗೆಂದು ಸೊಪ್ಪನ್ನೇ ಬಿಡಬೇಕಿಲ್ಲ, ತಿನ್ನುವ ಅಳತೆ ವಾರವಾರಕ್ಕೂ ಏರುಪೇರಾಗದಿದ್ದರೆ ಸಾಕು.

ಎಲ್ಲಕ್ಕಿಂತ ಕಷ್ಟ ಹೆಣ್ಣುಮಕ್ಕಳದು. ಬಸುರಿನ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಕೂಸಿಗೆ ಕೆಡುಕು ಮಾಡಬಹುದು. ಆ ಹೆದರಿಕೆಗೆ ತಾವಾಗಿಯೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಸಂಚಕಾರ. ಬಸುರಾಗುವ ಯೋಚನೆ ಇರುವಾಗಲೇ ಹೃದಯವೈದ್ಯರ ಹತ್ತಿರ ಮಾತಾಡಬೇಕು ಎಂಬುದನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಗಂಡನಿಗೂ ಅತ್ತೆಗೂ ತಿಳಿಸಿ ಹೇಳುವುದು ಅಗತ್ಯ.

ಆಪರೇಷನ್ನಿಗೇನೋ ಸರ್ಕಾರಿ ಯೋಜನೆಯ ನೆರವಿದೆ. ಆಮೇಲಿನ ಐಎನ್‌ಆರ್‌ಗೆ ಕೂಲಿ ಬಿಟ್ಟು, ಬಸ್ಸು ಹತ್ತಿ ಊರಾಚೆ ಹೋಗಬೇಕಾದಾಗ ಬಡವರು ಪರೀಕ್ಷೆ ಮುಂದೂಡದೆ ಇನ್ನೇನು ಮಾಡಿಯಾರು? ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ನಿಮಿಷದಲ್ಲಿ ಐಎನ್‌ಆರ್ ತೋರಿಸುವ ಪುಟ್ಟ ಯಂತ್ರ ಬಂದಿದೆ. ಅದು ಪ್ರತಿ ತಾಲ್ಲೂಕು ಆಸ್ಪತ್ರೆಗೂ ಬರಬೇಕು. ಡೋಸ್ ಹೊಂದಿಸಲು ತರಬೇತಿ ಪಡೆದ ವೈದ್ಯರೊಬ್ಬರು ಅಲ್ಲಿರಬೇಕು.