ಹಲಗೆಯೂ ಹಾಡೀತು!

ಹೂವಿನ ಹಿಪ್ಪರಗಿ ಸೀಮೆಯ ಭಜನೆಗಳಲ್ಲಿ ಏಕತಾರಿಯ ನಾದವನ್ನು ನೀವು ಕೇಳಿರಬಹುದು. ತಂತಿ ಒಂದೇ ಆದರೂ ನಾದ ದೂರಕ್ಕೆ ಕೇಳುತ್ತದೆ. ತಂತಿಯ ಕಂಪನ ಬುರುಡೆಗೆ ದಾಟಿ, ಬುರುಡೆಯೂ ಒಳಗಿನ ಗಾಳಿಯೂ ಕಂಪಿಸುವುದೇ ಇದಕ್ಕೆ ಕಾರಣ. ಬುರುಡೆಯ ಬದಲು ಗಟ್ಟಿ ಹಲಗೆ ಇದ್ದರೆ ನಾದ ಕ್ಷೀಣವಾಗುತ್ತದೆ. ಹಾಗಿದ್ದರೂ ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಹಲಗೆಯೇ. ಇದು ಹೇಗೆ?

ತಂತಿಗಳ ಕೆಳಗಿರುವ 'ಪಿಕಪ್' ಇದರ ಗುಟ್ಟು. ಅಯಸ್ಕಾಂತದ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ತಂತಿ ಸೆಕೆಂಡಿಗೆ 110 ಬಾರಿ ಕಂಪಿಸಿದರೆ ವಿದ್ಯುತ್ತೂ 110 ಬಾರಿ ಏರಿಳಿಯುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸುತ್ತದೆ. ಹಿತ್ತಾಳೆಯ ತಂತಿ ಕಟ್ಟಿದರೆ ಪಿಕಪ್ ಮೂಕ. ಹಿತ್ತಾಳೆಯನ್ನು ಅಯಸ್ಕಾಂತ ಸೆಳೆಯುವುದಿಲ್ಲವಲ್ಲ!

ಮನೆಯಲ್ಲಿ ಗಿಟಾರು ಕಟ್ಟುವವರು ಹೆಚ್ಚಾಗಿ ಎಡವುವುದು ಮೆಟ್ಟಿಲು ಕೂರಿಸುವಲ್ಲಿ. ಮೇಲ್ತುದಿಯ ಪಟ್ಟಿಯಿಂದ ಕುದುರೆಯವರೆಗೆ ತಂತಿಯ ಉದ್ದ 648 ಮಿ.ಮೀ. ಎನ್ನೋಣ. ಇದನ್ನು 17.817ರಿಂದ ಭಾಗಿಸಿದರೆ 36.4 ಮಿ.ಮೀ.; ಅದು ಮೊದಲ ಮೆಟ್ಟಿಲಿನ ದೂರ. ಉಳಿದ 611.6ನ್ನು ಮತ್ತೆ ಭಾಗಿಸಿದರೆ ಮುಂದಿನ ಅಂತರ 34.3 ಮಿ.ಮೀ. ಹೀಗೆ ಸಾಗಿದರೆ 12ನೆಯ ಮೆಟ್ಟಿಲು ಸರಿಯಾಗಿ ನಡುವೆ, 324 ಮಿ.ಮೀ.ಗೆ ಬರುತ್ತದೆ, ಅಲ್ಲಿ ಒತ್ತಿದರೆ ತಾರ ಷಡ್ಜ. ಆದರೆ ಹಲಗೆಯ ಮೇಲೆ ಗುರುತು ಹಾಕುವಾಗ ಪ್ರತಿ ಮೆಟ್ಟಿಲನ್ನೂ ಮೇಲ್ತುದಿಯಿಂದಲೇ ಅಳೆಯಬೇಕು. ಹಿಂದಿನ ಮೆಟ್ಟಿಲಿನಿಂದ ಅಳೆಯುತ್ತ ಹೋಗಿ, ಪ್ರತಿ ಬಾರಿ ಅರ್ಧ ಮಿ.ಮೀ. ಒಂದೇ ಕಡೆಗೆ ತಪ್ಪಿದರೆ, 12ನೆಯದರಲ್ಲಿ 6 ಮಿ.ಮೀ. ತಪ್ಪು ಕೂಡಿಕೊಳ್ಳುತ್ತದೆ. ಶ್ರುತಿ ಕೆಟ್ಟದ್ದು ಎಲ್ಲರ ಕಿವಿಗೂ ಗೊತ್ತಾಗುತ್ತದೆ.

ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ಹುಡುಗ 1963ರಲ್ಲಿ ತಂದೆಯೊಡನೆ ಗಿಟಾರು ಕಟ್ಟತೊಡಗಿದ. ಹಿಡಿಕೆಗೆ ಹಳೆಯ ಅಗ್ಗಿಷ್ಟಿಕೆಯ ಮರ. ತಂತಿಗಳ ಎಳೆತಕ್ಕೆ ಎದುರಾಗಿ ಹಳೆಯ ಮೋಟರ್ ಸೈಕಲ್ಲಿನ ಸ್ಪ್ರಿಂಗು. ತಾನೇ ಸುತ್ತಿದ ಪಿಕಪ್‌ಗಳು, ತಂತಿಯನ್ನು ಪಕ್ಕಕ್ಕೆ ಎಳೆದಾಗ, ಅವನಿಗೆ ಹಿಡಿಸದ ಸದ್ದು ಮಾಡಿದವು. ಕೊಂಡ ಪಿಕಪ್‌ಗಳನ್ನು ಹಾಕಿದ. ಉಳಿದದ್ದೆಲ್ಲ ನಿಂತಿತು. ಮುಂದೆ 'ಕ್ವೀನ್' ತಂಡದಲ್ಲಿ ಅದೇ ಗಿಟಾರು ನುಡಿಸಿದ ಅವರು, 2007ರಲ್ಲಿ ಖಭೌತ ವಿಜ್ಞಾನದಲ್ಲಿ ಡಾಕ್ಟರೇಟನ್ನೂ ಪಡೆದರು.

ನೀವೂ ಪ್ರಯತ್ನಿಸಬಹುದು. ಕೆಟ್ಟ ಸ್ಟೆಬಿಲೈಸರಿನಿಂದ ರಿಲೇ ಸುರುಳಿಯನ್ನು ಮೆಕ್ಯಾನಿಕ್ಕರಿಂದ ಬಿಚ್ಚಿಸಿಕೊಳ್ಳಿ. ಅದರ ಕಬ್ಬಿಣದ ತಿರುಳಿಗೆ ಅಯಸ್ಕಾಂತ ಅಂಟಿಸಿ, ಉಕ್ಕಿನ ತಂತಿ ಕಟ್ಟಿದ ಏಕತಾರಿಯ ಕೆಳಗೆ, ತಂತಿಗೆ ತಾಗದಂತೆ ಹಿಡಿಯಿರಿ. ಸುರುಳಿಯ ಎರಡು ತುದಿಗಳನ್ನು ಬ್ಯಾಟರಿಯ ಆಂಪ್ಲಿಫೈಯರಿಗೆ ಜೋಡಿಸಿ. ಮನೆಯ ಕರೆಂಟಿನ ಹಳೆಯ ಆಂಪ್ಲಿಫೈಯರು ಬೇಡ. ಅರ್ಥಿಂಗ್ ಸರಿಯಿಲ್ಲದಿದ್ದರೆ ತಂತಿಯ ಮೂಲಕ ಬೆರಳಿಗೆ ಶಾಕ್ ತಗಲಬಹುದು. ಈಗ ಮೀಟಿ ನೋಡಿ!